ಮಾಯವ್ವನ ಏಳನೇ ಬಾಗಿಲು

ಚಿಮ್ಮಡ
ರವಿವಾರ, ೯ ನವೆಂಬರ್ ೨೦೨೫

ಪ್ರೀತಿಯ ಹರ್ಷದಾ,

'ಪ್ರೀತಿಯ' ಎಂದು ರೂಢಿಯಿಂದ ಬರೆದುಬಿಟ್ಟೆ. ಇರಲಿ, ಹೊಡೆದುಹಾಕಿದರೆ ಹಾಳೆ ಕೆಡುತ್ತದೆ.

ನಿನ್ನ ಪತ್ರ ಬುಧವಾರ ಮುಟ್ಟಿತು. ಅಪ್ಪ ಜಮಖಂಡಿಯ ಮನೆಯಿಂದ ಹೊರಗೇ ಬರುತ್ತಿಲ್ಲ, ಕಾಲೇಜಿಗೆ ರಜೆ ಹಾಕಿದ್ದಾರೆ, ನಿಮ್ಮ ಆಯಿಗೆ ಹೇಳಿ ಹಾಡಿನಿಂದ ಅವರ ಹೆಸರು ತೆಗೆಸು ಎಂದು ಬರೆದಿದ್ದೀ. ನಿಮ್ಮಲ್ಲಿ ಆಯಿ ಎಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಎಂ.ಎ. ಓದುವಾಗ ಈ ಒಂದು ಶಬ್ದಕ್ಕೆ ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಈಗ ನನಗೆ ನಗು ಬರುವುದಿಲ್ಲ.

ಪುಸ್ತಕ ಬಿಡುಗಡೆಯ ಸಭೆಯ ಮೊದಲ ಸಾಲಿನಲ್ಲಿ ಕುಳಿತು ನೀನು ನೋಡಿದ್ದು ಕೊನೆಯ ಭಾಗ ಮಾತ್ರ. ಮೊದಲಿನಿಂದ ಕೇಳು.

ಎರಡು ವರ್ಷ ನಿಮ್ಮಪ್ಪ, ನಮ್ಮ ವಿಶ್ವಾಸ ಸರ್, ರವಿವಾರಕ್ಕೊಮ್ಮೆ ನಮ್ಮ ಮನೆಗೆ ಬಂದರು. ನಮ್ಮ ಕುಲದೇವರು ಬೀರಪ್ಪನನ್ನು ಎತ್ತಿ ಸಾಕಿದ ಅಕ್ಕ ಮಾಯವ್ವನ ಹಾಡು ಆಯಿಯ ಬಾಯಲ್ಲಿತ್ತು. ಅವಳಿಗೆ ಅದು ತನ್ನ ಅತ್ತೆಯಿಂದ ಬಂದದ್ದು. ಅವಳು ಹಾಡುವುದು, ಸರ್ ರೆಕಾರ್ಡ್ ಮಾಡುವುದು, ನಾನು ಕೇಳಿ ಕೇಳಿ ಬರೆದುಕೊಡುವುದು. ಆಯಿ ದಣಿದಾಗ ಸರ್ ಬೇರೆ ದೇಶಗಳ ದೇವಿಯರ ಕಥೆ ಹೇಳುತ್ತಿದ್ದರು. ಮಗಳನ್ನು ಪಾತಾಳಕ್ಕೆ ಎಳೆದೊಯ್ದರೆಂದು ಭೂಮಿಯ ಬೆಳೆಯನ್ನೆಲ್ಲ ಒಣಗಿಸಿದ ಗ್ರೀಕರ ಡಿಮೀಟರ್. ಸತ್ತವರ ಲೋಕಕ್ಕೆ ಇಳಿದುಹೋದ ಸುಮೇರಿನ ಇನಾನ್ನಾ. ಅಲ್ಲಿಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲಿ ಅವಳ ಮೈಮೇಲಿನ ಒಂದೊಂದನ್ನು ಕಳಚಿಕೊಂಡರು. ತಿರುಗಿ ಬರಬೇಕಾದರೆ ತನ್ನ ಬದಲಿಗೆ ಒಬ್ಬರನ್ನು ಕೊಡಬೇಕು. ಮೇಲೆ ಬಂದು ನೋಡಿದರೆ ಗಂಡ ಹೊಸ ಬಟ್ಟೆ ಉಟ್ಟು ಸಿಂಹಾಸನದ ಮೇಲೆ ಕೂತಿದ್ದ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅವನನ್ನೇ ಕಳಿಸಿದಳು.

ಆಯಿ ತೊಡೆ ತಟ್ಟಿ, "ಛಲೋ ಮಾಡಿದಳ ನೋಡ್ರಿ ಸರ! ಹೆಣ್ಣಂದ್ರ ಖರೆ ಅಕಿ" ಎಂದಳು. ಸರ್ ನಕ್ಕರು. ನಾನೂ ನಕ್ಕೆ.

ಸರ್ ಬರೆದ ಪುಸ್ತಕ ಅಚ್ಚಾಗಿ ಬಂದಾಗ ನಾನೇ ಆಯಿಗೆ ಓದಿ ಹೇಳಿದೆ. ಎಲ್ಲ ದೇವಿಯರ ಕಥೆಗಳ ಕೊನೆಗೆ ಮಾಯವ್ವನ ಹಾಡು, ನಲವತ್ತು ಪುಟ, ಒಂದಕ್ಷರ ಬಿಡದೆ ಆಯಿಯದೇ. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಮುನ್ನುಡಿಯಲ್ಲಿ ಇದ್ದದ್ದು ಇಷ್ಟು: 'ಅನಕ್ಷರಸ್ಥ ಮುದುಕಿಯೊಬ್ಬಳ ಅಸಂಬದ್ಧ ಗುನುಗಿನಿಂದ ಈ ಕಾವ್ಯವನ್ನು ನಾನು ಕಟ್ಟಿದ್ದೇನೆ.'

"ಅಸಂಬದ್ಧ ಅಂದ್ರ ಏನ ಬೇ?" ಎಂದು ಆಯಿ ಕೇಳಿದಳು. ಹೇಳಿದೆ. ಎದ್ದು ಹೋಗಿ ಆಡುಗಳಿಗೆ ನೀರಿಟ್ಟು ಬಂದಳು. "ನಂದ ಬ್ಯಾಡ, ನಮ್ಮತ್ತಿ ಹೆಸರರೆ ಹಾಕಬೇಕಿತ್ತು" ಎಂದಳು, ಅಷ್ಟೇ.

ಮರುದಿನ ನಾನು ನಿಮ್ಮ ಮನೆಗೆ ಬಂದೆ. "ನೋಡವಾ ಪೂನಮ್, ಜನಪದ ಹಾಡಿಗೆ ಒಡೆಯರು ಇರೂದಿಲ್ಲ. ಅದು ಎಲ್ಲಾರದು" ಎಂದರು ಸರ್. ಎಲ್ಲರದಾದರೆ ಮುಖಪುಟದ ಮೇಲೆ ನಿಮ್ಮೊಬ್ಬರ ಹೆಸರು ಯಾಕ್ರಿ ಎಂದು ಕೇಳಿದೆ. ಸರ್ ಒಳಗೆ ತಿರುಗಿ ಚಹಾ ಎಂದರು, ನೀನು ತಂದೆ. ಆ ಮುನ್ನುಡಿ ಟೈಪ್ ಮಾಡಿದವಳು ನೀನೇ ಏನು ಎಂದು ನಾನು ಕೇಳಿದಾಗ ನೀನು ತಲೆ ತಗ್ಗಿಸಿದೆ. ನಾಲ್ಕು ತಿಂಗಳು ನಿನಗೆ ಗೊತ್ತಿತ್ತು ಹರ್ಷದಾ! ನನ್ನ ಜೊತೆ ದಿನಾ ಊಟದ ಡಬ್ಬಿ ಹಂಚಿಕೊಂಡೆ, ಇದೊಂದನ್ನು ಹೇಳಲಿಲ್ಲ.

ಬನಹಟ್ಟಿಯಲ್ಲಿ ಪುಸ್ತಕ ಬಿಡುಗಡೆಗೆ ಸರ್ ತಾವೇ ಫೋನ್ ಮಾಡಿ, "ಆಯಿನ್ನ ಕರಕೊಂಡ ಬಾ, ಎರಡ ನಿಮಿಷ ಹಾಡಲಿ, ಸಭಾಕ್ಕ ಕಳೆ ಬರತದ" ಎಂದರು. ಆಯಿ ಕೂಡಲೇ ಒಪ್ಪಿದಳು. ವಾರವಿಡೀ ಆಡಿನ ಹಟ್ಟಿಯಲ್ಲಿ ಒಬ್ಬಳೇ ಕೂತು ಹೊಸದೊಂದು ಹೆಣೆದಳು. ಹುಲೆಪ್ಪ ಕಾಕಾ ಡೊಳ್ಳು ಬಿಗಿದ. ಊರಿನ ಹೆಂಗಸರು ಒಂದು ಟೆಂಪೊ ತುಂಬ ಬಂದರು.

ಮುಂದಿನದನ್ನು ನೀನೂ ಕೇಳಿದ್ದೀ. ಕದ್ದವನೊಬ್ಬ ಮಾಯವ್ವನ ಊರಿಗೆ ಬರುತ್ತಾನೆ, ಅವಳು ಏಳು ಬಾಗಿಲಲ್ಲಿ ಅವನನ್ನು ನಿಲ್ಲಿಸುತ್ತಾಳೆ.

ಮೊದಲ ಬಾಗಿಲದಾಗ ಶಾಲು ಬಿಚ್ಚಿಸ್ಯಾಳ,
ಎರಡನೇ ಬಾಗಿಲದಾಗ ಹಾರ ಹರಿಸ್ಯಾಳ…

ವೇದಿಕೆಯ ಮೇಲೆ ಸರ್ ಶಾಲು ಹೊದ್ದು, ಹಾರ ಹಾಕಿಕೊಂಡು ಕೂತಿದ್ದರು. ಮೂರನೇ ಬಾಗಿಲಿಗೆ ಮೈಕ್ ಬಂದ್ ಮಾಡಿಸಿದರು. ಆಯಿಗೆ ಯಾವತ್ತು ಮೈಕ್ ಬೇಕಾಗಿತ್ತು? ಹೆಂಗಸರು ಎದ್ದು ನಿಂತು ಅವಳ ಹಿಂದೆ ಸೊಲ್ಲು ಹಿಡಿದರು.

ಏಳನೇ ಬಾಗಿಲದಾಗ ಕೇಳ್ಯಾಳ ಮಾಯವ್ವ,
ಹಾಡ ಕದ್ದ ವಿಶ್ವಾಸ, ನಿನ್ನದಂಬೂದು ಏನೈತೊ?

ಸರ್ ಮುಖ ಬಿಳಿಚಿತು. ನೀನು ಅವರ ಕೈ ಹಿಡಿದು ಹಿಂಬಾಗಿಲಿಂದ ಕರೆದುಕೊಂಡು ಹೋದೆ. ಕನಿಕರ ಬರಬೇಕಾಗಿತ್ತು ನನಗೆ, ಬಂದದ್ದು ಹಸಿವೆ. ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಈಗ ಹಿಪ್ಪರಗಿಯ ಕಬ್ಬಿನ ಹೊಲದಲ್ಲಿ ಅದನ್ನೇ ಹಾಡುತ್ತಾರೆ. ಮುಧೋಳ ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಕೇಳಿದೆ. ಬೀಳಗಿಯ ಹೆಂಗಸರು ಬರೆದುಕೊಂಡು ಹೋಗಲು ಬಂದಿದ್ದರು. ನಿಮ್ಮಪ್ಪನ ಪುಸ್ತಕವನ್ನು ಎಷ್ಟು ಜನ ಓದುತ್ತಾರೋ ಗೊತ್ತಿಲ್ಲ. ಹಾಡನ್ನಂತೂ ಅಕ್ಷರ ಬಾರದವರೂ ಕಲಿತಿದ್ದಾರೆ.

ಹೆಸರು ತೆಗೆಸು ಎನ್ನುತ್ತೀ. ನಾನು ಯಾರು ತೆಗೆಸಲಿಕ್ಕೆ? ಜನಪದ ಹಾಡಿಗೆ ಒಡೆಯರು ಇರುವುದಿಲ್ಲ ಎಂದು ನಿಮ್ಮಪ್ಪನೇ ಕಲಿಸಿದ್ದಾರೆ. ಆಯಿಯ ಸಿಟ್ಟು ಅದು. ತಾನಾಗಿ ಇಳಿದರೆ ಇಳಿಯಬೇಕು.

ಇನ್ನು ಪತ್ರ ಬರೆಯಬೇಡ.

ಸತ್ಯವ್ವನ ಮೊಮ್ಮಗಳು,
ಪೂನಮ್

ತಾ.ಕ.: ಸುಳ್ಳು ಬರೆದು ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಆಯಿ ಹೆಣೆದದ್ದು ಆರು ಬಾಗಿಲು ಮಾತ್ರ, ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಏಳನೆಯದು ನನ್ನದು. ಟೆಂಪೊದಲ್ಲಿ ಹೋಗುವಾಗ ಹೆಂಗಸರಿಗೆ ಕಲಿಸಿದೆ; ಸಭೆಯಲ್ಲಿ ಆಯಿ ಆರಕ್ಕೇ ನಿಲ್ಲಿಸಿದ್ದಳು, ಆ ಗದ್ದಲದಲ್ಲಿ ನಿನಗೆ ತಿಳಿದಿರಲಿಕ್ಕಿಲ್ಲ. ಮನೆಗೆ ಬಂದ ಮೇಲೆ, "ಅವನ ಹೆಸರ ತಗದ ಬಿಡ ಬೇ, ಅವನಿಗೂ ಮಗಳದಾಳ" ಎಂದಳು. ಎಲ್ಲರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಯಾರಿಗೂ ಹೇಳಿಲ್ಲ. ಮೊನ್ನೆ ಬೀಳಗಿಯವರಿಗೆ ಬರೆದುಕೊಟ್ಟಾಗಲೂ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.