ಸಾಹೇಬರು ಬಂದಾಗ ಮಾತ್ರ ತೆರೆಯುವ ಬಾಗಿಲು

ನಮ್ಮೂರಿನ ಶಾಲೆಗೆ ತಪಾಸಣೆಗೆಂದು ಬಂದು ಹೋದ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ತಾವು ನಮ್ಮೂರಿನ ಪ್ರೌಢಶಾಲೆಗೆ ಬಂದಿದ್ದಾಗ, ಊಟವಾದ ಮೇಲೆ ಹಿಂದುಗಡೆಯ ಶೌಚಾಲಯಕ್ಕೆ ಹೋಗಿ ಬಂದಿರಿ. ಹೆಡ್ ಮಾಸ್ಟರು ಬೀಗದ ಕೈ ಹಿಡಿದು ತಮ್ಮ ಮುಂದೆ ಓಡಿದರು, ಜವಾನ ಸೋಪು, ಟವೆಲ್ಲು ಹಿಡಿದು ಹಿಂದೆ ಓಡಿದ. ಆ ಬಾಗಿಲಿನ ಮೇಲೆ 'ಹೆಣ್ಣುಮಕ್ಕಳಿಗೆ' ಎಂದು ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ. ಅವಸರದಲ್ಲಿ ತಮ್ಮ ಕಣ್ಣಿಗೆ ಬೀಳಲಿಲ್ಲವೇನೋ. ಹತ್ತನೇ ತರಗತಿಯ ಹುಡುಗಿಯರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಈ ವರ್ಷ ಆ ಬಾಗಿಲು ತೆರೆದದ್ದನ್ನು ಅವರು ಕಂಡದ್ದು ಅದೇ ಮೊದಲು. ನನ್ನ ದೂರು ಇಷ್ಟೇ. ನನ್ನ ಮಗಳ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ವರ್ಷವಿಡೀ ಬೀಗ ಬಿದ್ದಿರುತ್ತದೆ, ತಮ್ಮಂಥವರು ಬಂದಾಗ ಮಾತ್ರ ಅದು ತೆರೆಯುತ್ತದೆ. ಹೊರಗೆ ಬಂದ ತಾವು "ಬಹಳ ಸ್ವಚ್ಛವಾಗಿ ಇಟ್ಟುಕೊಂಡಿದ್ದೀರಿ" ಎಂದು ಹೆಡ್ ಮಾಸ್ಟರನ್ನು ಹೊಗಳಿದಿರಂತೆ. ಯಾರೂ ಕಾಲಿಡದ ಜಾಗ ಸ್ವಚ್ಛವಾಗಿರದೆ ಇನ್ನೇನಾಗುತ್ತದೆ ಸ್ವಾಮಿ?

ನಾನು ಸೋಸಲೆಗೆ ಹತ್ತಿರದ ಹಳ್ಳಿಯವಳು. ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತೇನೆ. ಮಗಳು ಬಿಂದುಶ್ರೀ ಈ ಸಲ ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಅವಳ ಬಾಟಲಿಗೆ ನೀರು ತುಂಬಿಸಿ ಕೊಡುವುದು ನನ್ನ ಕೆಲಸ, ಸಂಜೆ ಅದನ್ನು ತೊಳೆದಿಡುವುದೂ ನನ್ನ ಕೆಲಸ. ಶಾಲೆ ಶುರುವಾದಾಗಿನಿಂದ ನೋಡುತ್ತಿದ್ದೆ, ತುಂಬಿ ಹೋದ ಬಾಟಲಿ ತುಂಬಿಯೇ ವಾಪಸು ಬರುತ್ತಿತ್ತು. ಶಾಲೆಯಲ್ಲಿ ಫಿಲ್ಟರ್ ನೀರು ಇರಬೇಕು, ಅದನ್ನೇ ಕುಡಿಯುತ್ತಾಳೆ ಅಂದುಕೊಂಡು ಉಳಿದ ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದೆ. ಗಿಡ ಚೆನ್ನಾಗಿ ಬಂದಿದೆ. ಬಿಂದುಶ್ರೀ ಒಣಗಿದ್ದಾಳೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಕೂರಿಸಿಕೊಂಡು ಕೇಳಿದೆ.

"ಕುಡುದ್ರೆ ಓಗ್‌ಬೇಕಾಯ್ತದೆ ಕಣವ್ವ. ಎಲ್ಲಿಗೋಗ್ಲಿ?" ಅಂದಳು.

ತಮ್ಮ ಇಲಾಖೆಯ ಮೇಲೆ ನನಗೆ ಗೌರವವಿಲ್ಲ ಎಂದು ತಿಳಿಯಬೇಡಿ. ಮಕ್ಕಳು ನೀರು ಕುಡಿಯುವುದನ್ನು ಮರೆಯಬಾರದೆಂದು ತಾವೇ ತಾನೆ ನೀರಿನ ಗಂಟೆ ಬಾರಿಸಲು ಹೇಳಿದ್ದು? ನಮ್ಮ ಶಾಲೆಯಲ್ಲಿ ಅದನ್ನು ತಪ್ಪದೆ ಬಾರಿಸುತ್ತಾರೆ. ಗಂಟೆಯಾದ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ಬಾಟಲಿ ಎತ್ತಬೇಕು, ಮಾಸ್ಟರು ಮೊಬೈಲಿನಲ್ಲಿ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಹುಡುಗರು ಕುಡಿಯುತ್ತಾರೆ, ಅವರಿಗೆ ಹೋಗಿ ಬರಲು ನಾಲೆ ಏರಿ ಇದೆ. ಹುಡುಗಿಯರು ತುಟಿ ಮುಚ್ಚಿಕೊಂಡು ಬಾಟಲಿ ಎತ್ತುತ್ತಾರೆ. ಗಂಟಲು ಅಲ್ಲಾಡಿಸುವುದನ್ನೂ ಕಲಿತಿದ್ದಾರಂತೆ, ಬಿಂದುಶ್ರೀ ನನಗೆ ಮಾಡಿ ತೋರಿಸಿದಳು. ತಾವು ಆ ಫೋಟೋಗಳಿಗೆ ಹೆಬ್ಬೆರಳಿನ ಗುರುತು ಒತ್ತುತ್ತೀರಿ. ಶಾಲೆಯಲ್ಲಿ ನಮ್ಮ ಮಕ್ಕಳು ಏನೂ ಕಲಿಯುತ್ತಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾಟಕ ಕಲಿತಿದ್ದಾರೆ.

ಸಂಕ್ರಾಂತಿಗೆ ನಂಜನಗೂಡಿನ ನನ್ನ ತವರಿಗೆ ಹೋಗಿದ್ದಾಗ ಅವಳಿಗೆ ಚಳಿಜ್ವರ ಬಂತು, ಹೊಟ್ಟೆ ಹಿಡಿದುಕೊಂಡು ಮಲಗಿದಳು. ಅಲ್ಲಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಮೂತ್ರದಲ್ಲಿ ಸೋಂಕಾಗಿದೆ, ಇದು ಮೊದಲ ಸಲದ್ದಲ್ಲ, ಹೀಗೇ ಬಿಟ್ಟರೆ ಮೂತ್ರಪಿಂಡಕ್ಕೆ ತೊಂದರೆ ಎಂದರು. "ನೀರು ಚೆನ್ನಾಗಿ ಕುಡೀಬೇಕು, ಬಂದಾಗ ತಡೀಬಾರ್ದು, ಅಷ್ಟೇ ಔಷಧ" ಅಂದರು. ಮಾತ್ರೆಯನ್ನು ನಂಜನಗೂಡಿನಲ್ಲಿ ಕೊಳ್ಳಬಹುದು. ಆ 'ಅಷ್ಟೇ ಔಷಧ'ವನ್ನು ನಾನು ಎಲ್ಲಿಂದ ತರಲಿ?

ಆಮೇಲೆ ಬಂತು ಪೂರ್ವಸಿದ್ಧತಾ ಪರೀಕ್ಷೆ, ಗಣಿತ. ಡಾಕ್ಟರಮ್ಮ ಹೇಳಿದ್ದಾರೆಂದು ಅವತ್ತು ನಾನೇ ಎದುರಿಗೆ ನಿಂತು ದೊಡ್ಡ ಲೋಟದ ತುಂಬ ನೀರು ಕುಡಿಸಿ ಕಳಿಸಿದ್ದೆ. ಅರ್ಧ ಪರೀಕ್ಷೆಯಾಗುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಪೇಪರ್ ಕೊಟ್ಟು ಮನೆಯ ತನಕ ಓಡಿ ಬಂದಳು. ಲೆಕ್ಕ ಅವಳಿಗೆ ಬರುತ್ತದೆ, ಡೈರಿಯಲ್ಲಿ ನನ್ನ ಲೆಕ್ಕ ತಪ್ಪಿದರೆ ತಿದ್ದುವವಳು ಅವಳೇ. ಆದರೂ ಫೇಲ್ ಆದಳು. ಮತ್ತೆ ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದೂ ಎದ್ದು ಬಂದಳಲ್ಲ, ಆ ಮಗುವಿನ ಸಂಕಟ ಎಷ್ಟಿದ್ದಿರಬೇಕು!

ತಾವು ತಪಾಸಣೆಗೆ ಬಂದದ್ದು ಇದಾದ ಮೇಲೆ. ಪೋಷಕರ ಸಭೆ ಮಾಡಿದಿರಿ. ಫಲಿತಾಂಶ ಕಡಿಮೆಯಾಗುತ್ತಿದೆ ಎಂದು ಬಹಳ ನೊಂದುಕೊಂಡಿರಿ. ನನ್ನ ಮಗಳನ್ನು ಎಲ್ಲರೆದುರಿಗೆ ಎಬ್ಬಿಸಿ ನಿಲ್ಲಿಸಿ, "ಪೂರ್ತಿ ಸಮಯ ಕೂತು ಬರೆಯೋಕೂ ತಾಳ್ಮೆ ಇಲ್ಲ. ಮನೇಲಿ ಮೊಬೈಲ್ ಜಾಸ್ತಿ ಆಗಿದೆ" ಎಂದಿರಿ. ಅವಳು ತಲೆ ತಗ್ಗಿಸಿದಳು. ಗಂಡಸರು ತುಂಬಿದ ಆ ಸಭೆಯಲ್ಲಿ ಅವಳು ಏನು ಹೇಳಬೇಕಾಗಿತ್ತು? ಆಮೇಲೆ ತಾವೇ ಪರಿಹಾರವನ್ನೂ ಸೂಚಿಸಿದಿರಿ. ಕಲಿಕೆಯಲ್ಲಿ ಹಿಂದುಳಿದವರಿಗೆ ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಕತ್ತಲಾಗುವ ತನಕ ಇನ್ನೊಂದು. ಎಂಥ ಪರಿಹಾರ! ತಡೆದುಕೊಂಡು ಕಾಯಿಲೆ ಬಿದ್ದ ಮಗು ಇನ್ನಷ್ಟು ಹೊತ್ತು ತಡೆದುಕೊಂಡರೆ ಪಾಸಾಗುತ್ತದೆ ಎಂದು ಯಾವ ತರಬೇತಿಯಲ್ಲಿ ಹೇಳಿಕೊಟ್ಟರು ತಮಗೆ?

ನನ್ನದೂ ಪರೀಕ್ಷೆ ಮಾಡುವ ಕೆಲಸವೇ. ಹಾಲಿನಲ್ಲಿ ಫ್ಯಾಟು ಕಡಿಮೆ ಬಂದರೆ ಹಸುವಿಗೆ ಏನು ಮೇವು ಹಾಕಿದಿರಿ, ನೀರು ಸರಿಯಾಗಿ ಕುಡಿಸಿದಿರಾ ಎಂದು ವಿಚಾರಿಸುತ್ತೇವೆ. ಹಸುವನ್ನು ಸಭೆಗೆ ಕರೆಸಿ ತಾಳ್ಮೆ ಸಾಲದು ಎಂದು ಬೈದ ಡೈರಿಯನ್ನು ನಾನಂತೂ ಕಂಡಿಲ್ಲ.

ಇದನ್ನು ಓದಿದ ಕೂಡಲೇ ತಾವು ಮಾಡುವ ಮೊದಲ ಕೆಲಸ ಹೆಡ್ ಮಾಸ್ಟರಿಗೆ ನೋಟಿಸ್ ಕೊಡುವುದು ಎಂದು ನನಗೆ ಗೊತ್ತು. ದಯವಿಟ್ಟು ಅದನ್ನು ಮಾಡಬೇಡಿ. ಅವರನ್ನೂ ಕೇಳಿದ್ದೇನೆ. ಪಾಪ, ಮುಚ್ಚಿಡದೆ ಹೇಳಿದರು. "ನಾನೇನ್ ಮಾಡ್ಲಮ್ಮ? ತೊಳೆಯೋರನ್ನ ಇಟ್ಕೊಳಕ್ಕೆ ದುಡ್ಡಿಲ್ಲ. ಮಕ್ಕಳ ಕೈಲಿ ತೊಳೆಸುದ್ರೆ ನನ್ನ ಸಸ್ಪೆಂಡ್ ಮಾಡ್ತಾರೆ. ಗಲೀಜಿದ್ರೂ ಸಸ್ಪೆಂಡ್ ಮಾಡ್ತಾರೆ. ಬೀಗ ಹಾಕುದ್ರೆ ಯಾರೂ ಏನೂ ಕೇಳಲ್ಲ." ಹೆದರಿದ ಮನುಷ್ಯ. ಹೆದರಿಸಿದವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ನಮ್ಮತ್ತೆ ಚನ್ನಾಜಮ್ಮ ಇದನ್ನು ಕೇಳಿ, "ನಮ್ ಕಾಲ್ದಲ್ಲಿ ಪೊದೆನಾದ್ರೂ ಇತ್ತು ಕಣವ್ವ. ಪೊದೆ ಕಡ್ದು ಕಕ್ಕಸು ಕಟ್ಟುದ್ರು, ಕಕ್ಕಸ್‌ಗೆ ಬೀಗ ಆಕುದ್ರು. ಎಲ್ಡೂ ಓಯ್ತಲ್ಲ" ಅಂದರು. ಎಂಬತ್ತರ ಹತ್ತಿರದ ಮುದುಕಿಗೆ ಇರುವಷ್ಟು ಕಾಳಜಿ ತಮಗೂ ಇದ್ದೀತು ಎಂದು ನಂಬಿಕೊಂಡೇ ನಾನು ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು.

ತಮಗೆ ನೆನಪಿರಬಹುದು. ಊರಿನ ತಾಯಂದಿರು ಸೇರಿ ಮಾತಾಡಿಕೊಂಡಿದ್ದೇವೆ, ಸರದಿಯ ಮೇಲೆ ನಾವೇ ತೊಳೆಯುತ್ತೇವೆ, ಡೈರಿಯ ಕ್ಯಾನು ತೊಳೆಯುವ ಕೈಗಳಿಗೆ ಇದೇನು ದೊಡ್ಡದಲ್ಲ, ಬೀಗ ತೆಗೆಯಿರಿ ಎಂದು ಹೆಡ್ ಮಾಸ್ಟರಿಗೆ ಬರೆದಷ್ಟೇ ಸಾಕು ಎಂದೆ. ತಾವು ಮೊಬೈಲಿನಿಂದ ತಲೆ ಎತ್ತದೆ, "ಅದಕ್ಕೆಲ್ಲ ಮೇಲಿನಿಂದ ಅನುಮತಿ ಬೇಕಮ್ಮ. ಪರೀಕ್ಷೆ ಮುಗೀಲಿ, ಜೂನ್‌ನಲ್ಲಿ ನೋಡೋಣ" ಅಂದಿರಿ. ಜೂನ್‌ನಲ್ಲಿ ನನ್ನ ಮಗಳು ಆ ಶಾಲೆಯಲ್ಲಿ ಇರುವುದಿಲ್ಲ ಮಾನ್ಯರೇ. ಪಾಸಾದರೆ ತಿ. ನರಸೀಪುರದ ಕಾಲೇಜಿನಲ್ಲಿರುತ್ತಾಳೆ. ಫೇಲಾದರೆ ಮನೆಯಲ್ಲಿರುತ್ತಾಳೆ, ಆಗ ಗಂಡು ನೋಡಿ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದು ಮೂತ್ರದ ವಿಷಯ ಅಲ್ಲ, ಅವಳ ಮುಂದಿನ ಬದುಕಿನ ವಿಷಯ.

ಈ ಪತ್ರ ಬರೆದು ಪತ್ರಿಕೆಗೂ ಕಳಿಸುತ್ತೇನೆ ಎಂದಾಗ ನಮ್ಮ ಯಜಮಾನರು ನಂಜೇಶ್, "ವಯಸ್ಸಿಗೆ ಬಂದ ಮಗಳ ಇಂಥ ಸಂಗ್ತೀನ ಪೇಪರ್‌ನಲ್ಲಿ ಬರೀತಾರಾ? ನಾಚ್ಕೆ ಆಗಲ್ವಾ?" ಎಂದರು. ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಬಿಂದುಶ್ರೀ ಬಂದು ನಿಂತಳು. ಅಪ್ಪನ ಎದುರಿಗೆ ಯಾವತ್ತೂ ಗಟ್ಟಿಯಾಗಿ ಮಾತಾಡಿದವಳಲ್ಲ. "ಬರಿ ಅವ್ವ. ಎಸ್ರೂ ಆಕು. ಬೀಗ ಆಕ್ದೋರಿಗೆ ಇಲ್ದಿರೋ ನಾಚ್ಕೆ ನಂಗ್ಯಾಕೆ?" ಎಂದಳು. ಯಜಮಾನರು ಎದ್ದು, ಲೈಟು ಸರಿಯಾಗಿ ಬೀಳುವ ಹಾಗೆ ಟೇಬಲ್ಲನ್ನು ಎಳೆದು ಕೊಟ್ಟರು.

ಹೊಸ ಕಟ್ಟಡ ಬೇಡ, ಅನುದಾನ ಬೇಡ, ಸಮಿತಿ ಮಾಡಿ ವರದಿ ತರಿಸುವುದಂತೂ ಖಂಡಿತ ಬೇಡ. ಕಟ್ಟಡ ಇದೆ, ನಲ್ಲಿಯಲ್ಲಿ ನೀರು ಬರುತ್ತದೆ, ಒಳಗಿನ ಚಿಲಕವೂ ಗಟ್ಟಿಯಾಗಿದೆ, ಅದನ್ನೆಲ್ಲ ತಾವೇ ಬಳಸಿ ನೋಡಿದ್ದೀರಿ. ಬೀಗ ತೆಗೆಯಲು ಒಂದು ಸಾಲಿನ ಆದೇಶ ಬೇಕು. ವಿಶೇಷ ತರಗತಿಗೆ ಒಂದೇ ದಿನದಲ್ಲಿ ಆದೇಶ ಹೊರಡಿಸಿದ ಕೈ ಅದು, ಇದಕ್ಕೆ ನೋವಾಗಲಾರದು. ಪರೀಕ್ಷೆಯ ದಿನ ಅರ್ಧದಲ್ಲಿ ಹೊರಗೆ ಹೋಗಿ ಬರಬೇಕಾದ ಮಗುವನ್ನು ಅವಮಾನ ಮಾಡದೆ ಬಿಡಬೇಕು ಎಂದು ಅದರ ಕೆಳಗೇ ಸೇರಿಸಿ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಆದೇಶ ಬಂದಿದ್ದರೆ ಸಂತೋಷ. ಬರದಿದ್ದರೆ ನಾವು ತಾಯಂದಿರೆಲ್ಲ ಪೊರಕೆ, ಬಕೆಟ್ಟು, ಒಂದು ಸುತ್ತಿಗೆ ಹಿಡಿದು ಶಾಲೆಗೆ ಬರುತ್ತೇವೆ. ಸರ್ಕಾರಿ ಆಸ್ತಿಗೆ ಹಾನಿ ಎಂದು ಕೇಸು ಹಾಕುವುದಾದರೆ ಹುಡುಕಾಡುವ ಕಷ್ಟ ಬೇಡ, ನನ್ನ ಹೆಸರು ಕೆಳಗಿದೆ. ಮುರಿದ ಬೀಗದ ಬದಲಿಗೆ ಹೊಸ ಬೀಗವನ್ನೂ ತಂದಿಟ್ಟುಕೊಂಡಿದ್ದೇನೆ, ರಾತ್ರಿ ಹೊತ್ತು ಹಾಕಲು. ಅದರ ಕೈ ಇನ್ನು ಮುಂದೆ ಹೆಡ್ ಮಾಸ್ಟರ ಮೇಜಿನೊಳಗೆ ಇರುವುದಿಲ್ಲ. ಹತ್ತನೇ ತರಗತಿಯಲ್ಲಿ ಹುಡುಗಿಯರು ಕೂರುವ ಕಡೆಯ ಗೋಡೆಗೆ ಒಂದು ಮೊಳೆ ಇದೆ, ಅಲ್ಲಿರುತ್ತದೆ.

ಪರೀಕ್ಷೆ ಮುಗಿಯುವುದರೊಳಗೆ ಮತ್ತೆ ತಪಾಸಣೆಗೆ ಬಂದರೆ ತಮಗೂ ಅವಸರವಾಗಬಹುದು. ಬಿಂದುಶ್ರೀಯನ್ನು ಕೇಳಿ. ಜೂನ್‌ನಲ್ಲಿ ನೋಡೋಣ ಎನ್ನುವುದಿಲ್ಲ ಅವಳು, ತಕ್ಷಣ ಕೊಡುತ್ತಾಳೆ.

ಇಂತಿ,
ಮಗಳು ಕುಡಿಯದ ನೀರನ್ನು ದಿನಾ ಸಂಜೆ ಕರಿಬೇವಿನ ಗಿಡಕ್ಕೆ ಸುರಿದು ಸಾಕಾದ ತಾಯಿ,
ಮಂಗಳಮ್ಮ