ಪುಟ್ಟಿ ಕೇಳಿದ ಪ್ರಶ್ನೆ

ನವೆಂಬರ್ 6, ಬುಧವಾರ

ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಡೈರೆಕ್ಟರ್ ಫೋನ್. 'ಶುಕ್ರವಾರ ಪಿಚ್ಚರ್ ರಿಲೀಸ್ ಮೇಡಂ. ಹುಣಸೂರು, ಪಿರಿಯಾಪಟ್ಟಣ ಎರಡೂ ಕಡೆ.' ಸಂಭಾಷಣೆಗೆ ನನ್ನ ಹೆಸರು ಬೇಡ ಅಂದಿದ್ದೆ. ಹಾಕಿಬಿಟ್ಟಿದಾರೆ — ಕಾವ್ಯಶ್ರೀ, ಹುಣಸೂರು. ಊರಿನ ಸಮೇತ!

ಹತ್ತನೇ ಕ್ಲಾಸಿನ ಕೊನೇ ಬೆಂಚಿನವರ ಕಥೆ. ಉದ್ದಕ್ಕೂ ಪೋಲಿ ಜೋಕು. ನಮ್ಮನೆಯವರು, ನಟರಾಜು, ಓದಿ ಓದಿ ನಕ್ಕಿದ್ದರು. ಜನ ಏನಾದ್ರೂ ಅನ್ಕೊಳ್ಳಲಿ. ಭಯ ಇರೋದು ಸ್ಕೂಲಿನ ಗೆಳತಿ ಪುಟ್ಟಿದು.

ನವೆಂಬರ್ 7

ಇಲ್ಲಾದ್ರೂ ಬರೆದುಬಿಡ್ತೀನಿ. ಕೋಟೆ ತಾಲ್ಲೂಕಿನ ಕಡೆ ನಮ್ಮ ಹೈಸ್ಕೂಲು. ಪುಟ್ಟಿ ಪಕ್ಕದಲ್ಲೇ ಕೂರ್ತಿದ್ದಳು. ವಿಜ್ಞಾನದ ಮೇಷ್ಟ್ರು ಸಂತಾನೋತ್ಪತ್ತಿ ಪಾಠ ಬಂದ ತಕ್ಷಣ 'ಇದನ್ನ ಮನೇಲಿ ಓದ್ಕಳಿ' ಅಂತ ಪುಟ ಮಗುಚಿದ್ರು. ನಾನು ಚೀಟೀಲಿ ಒಂದು ಪ್ರಶ್ನೆ ಬರೆದು ಪುಟ್ಟಿ ಕೈಗಿಟ್ಟೆ. ಧೈರ್ಯ ಇದ್ರೆ ಕೇಳು ಅಂದೆ. ಎದ್ದು ನಿಂತು ಗಟ್ಟಿಯಾಗಿ ಓದೇಬಿಟ್ಟಳು: 'ಸಾರ್, ಈ ಪಾಠ ನಿಮ್ಗೂ ಯಾರೂ ಮಾಡ್ಲಿಲ್ವಾ? ಮತ್ತೆ ಮೂರು ಮಕ್ಳು ಹೆಂಗಾದೊ?'

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಪುಟ್ಟಿ ಮೂರು ದಿನ ಬಿಸಿಲಲ್ಲಿ ನಿಂತಳು. ಚೀಟಿ ಯಾರದು ಅಂತ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಸಂಕ್ರಾಂತಿ ಆದಮೇಲೆ ಸ್ಕೂಲಿಗೇ ಬರಲಿಲ್ಲ ಅವಳು. ಹದಿನೆಂಟು ವರ್ಷ... ಮಾತಿಲ್ಲ.

ಆ ಪ್ರಶ್ನೇನೇ ಈಗ ಪಿಚ್ಚರಿನ ಟ್ರೈಲರು.

ನವೆಂಬರ್ 8, ಸಂಜೆ

ಮ್ಯಾಟ್ನಿಗೆ ಹೋಗಿದ್ವಿ. 'ಮೂರು ಮಕ್ಳು' ಬಂತು — ಶಿಳ್ಳೆಯೋ ಶಿಳ್ಳೆ. ಮುಂದಿನ ಡೈಲಾಗೇ ಕೇಳಿಸಲಿಲ್ಲ.

'ನಿಂದೇ ಜೋಕು. ನೀನೇ ನಗಲ್ವಲ್ಲ ಕಾವ್ಯ?' ಅಂದ್ರು ಇವರು.

ತಲೆನೋವು ಅಂದೆ.

ನವೆಂಬರ್ 14

ಎರಡು ಮಿಸ್ಡ್ ಕಾಲ್. ನಂಬರ್ ಗುರುತಿಲ್ಲ, ಫೋನೇ ಹೆಸರು ತೋರಿಸ್ತು — ಪುಟ್ಟಿ ಲೇಡೀಸ್ ಟೈಲರ್, ಪಿರಿಯಾಪಟ್ಟಣ. ಎತ್ತಲಿಲ್ಲ. ಫೋನ್ ದಿಂಬಿನ ಕೆಳಗಿಟ್ಟೆ.

ನವೆಂಬರ್ 17, ಭಾನುವಾರ

ನಾನೇ ಹೋದೆ. ಬಸ್ಸಿಳಿದು ಅಂಗಡಿ ಮುಂದೆ ಎರಡು ಸಲ ಓಡಾಡಿದೆ. ಒಳಗೆ ಮಿಷನ್ ಹತ್ತಿರ ಕೂತಿದ್ದಳು, ಬಾಯಲ್ಲಿ ಗುಂಡುಪಿನ್ನು.

'ಪಿಚ್ಚರ್ ನೋಡ್ದೆ ಕಣೆ. ಎಲ್ಡು ಸಲ.'

'ಆ ಚೀಟಿ ನಂದು ಅಂತ ಹೇಳ್ಬೇಕಿತ್ತು ಪುಟ್ಟಿ. ನೀನು ಸ್ಕೂಲ್ ಬಿಟ್ಟಿದ್ದು ನನ್ನಿಂದ...'

ಪಿನ್ನು ತೆಗೆದಳು. 'ಯಾವಳೇ ಅಂದೋಳು? ಗಣಿತದಲ್ಲಿ ಎಂಟು ನಂಬರು ಬಂದಿತ್ತು ಕಣೆ! ಪರೀಕ್ಸೆಗೆ ಎದ್ರಿ ಬುಟ್ಟೆ. ನಮ್ಮವ್ವ ಒಲಿಯೋ ಮಿಷನ್ ಕೊಡ್ಸುದ್ಲು.'

'ಮತ್ತೆ ಮಾತೇ ಆಡ್ಲಿಲ್ಲ?'

'ನೀನು ಕಾಲೇಜ್ಗೋದೋಳು. ದಾರೀಲಿ ಕಂಡ್ರೂ ತಲೆ ಬಗ್ಗುಸ್ಕೊಂಡು ಓಯ್ತಿದ್ದೆ. ದಿಮಾಕು ಅನ್ಕಂಡೆ.'

ನಾಚಿಕೆಗೆ ತಲೆ ಬಗ್ಗಿಸಿದ್ದೆ. ಅವಳಿಗೆ ದಿಮಾಕಾಗಿ ಕಂಡಿತ್ತು. ನಗು ಬಂತು, ಜೊತೆಗೇ ಅಳು. ಕೂತುಬಿಟ್ಟೆ.

'ಒಂದುಕ್ ಮಾತ್ರ ಸಿಟ್ಟಿತ್ತು. ಬಿಸ್ಲಲ್ ನಿಂತಿದ್ನಲ್ಲ, ಒಂದಿನಾನಾರ ನೀರು ತಂದ್ಕೊಡ್ಬೋದಿತ್ತು ನೀನು.'

ಹೂಂ ಅಂದೆ. ಅವಳೇ ಎದ್ದು ಎದುರಿನ ಹೋಟೆಲಿಗೆ ಎರಡು ಟೀ ಕೂಗಿದಳು.

'ಟಾಕೀಸಲ್ಲಿ ಅಕ್ಕಪಕ್ಕದೋರ್ಗೆಲ್ಲಾ ಹೇಳ್ದೆ, ಆ ಪ್ರಸ್ನೆ ಕೇಳ್ದೋಳು ನಾನೇಯ ಅಂತ. ಒಬ್ರೂ ನಂಬ್ಲಿಲ್ಲ ಕಣೆ.'

ವಾಪಸ್ ಬಸ್ಸಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದೆ. ಕಂಡಕ್ಟರ್ ಎಬ್ಬಿಸಿದ.

ನವೆಂಬರ್ 24, ಭಾನುವಾರ, ಮಧ್ಯಾಹ್ನ

ಪುಟ್ಟಿ ಮನೆಗೆ ಬಂದಿದಾಳೆ. ಪಿ.ಟಿ. ಮೇಷ್ಟ್ರ ಕಥೆ ಯಾಕೆ ಹಾಕ್ಲಿಲ್ಲ ಅಂತ ಜಗಳ. ನಂಗೆ ನೆನಪಿಲ್ಲ ಅಂದೆ. 'ಅಂಗಾರೆ ಬರ್ಕೊ' ಅಂತ ಎದುರಿಗೇ ಕೂತಿದಾಳೆ. ಕೈಗೆ ಈ ಡೈರಿನೇ ಸಿಕ್ತು. ಅವಳು ಹೇಳಿದ ಹಾಗೇ — ಮೇಷ್ಟ್ರು ಹೈಜಂಪ್ ತೋರಿಸ್ತೀನಿ ಅಂತ ದೂರದಿಂದ ಓಡಿ ಬಂದರು. ಹಾರಿದರು. ಆಚೆ ಕಡೆ ಬಿದ್ದದ್ದು ಮೇಷ್ಟ್ರು ಮಾತ್ರ. ಪ್ಯಾಂಟು ಈ ಕಡೆ—