ಮೂರನೆಯ ಸ್ಥಾನದ ಕಾಲೇಜು

ಮಂಗಳವಾರ, ಜೂನ್ ಹನ್ನೊಂದು

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡಮಾಡಿದ್ದಕ್ಕೆ ಬೈಯುವುದಿದ್ದರೆ ಇದನ್ನು ಓದಿ ಮುಗಿಸಿ ಬೈ. ಫೋನಿನಲ್ಲಿ ನಿನ್ನೆದುರು ನನಗೆ ಬಾಯೇ ಬರುವುದಿಲ್ಲ. ಹಲ್ಲುನೋವು ಕಡಿಮೆಯಾಗಿದೆ. ಕೋಣೆಯ ಕಿಟಕಿ ಈಗ ಸರಿಯಾಗಿ ಮುಚ್ಚುತ್ತದೆ.

ಚಿಕ್ಕವಳು ಶುಕ್ರವಾರದೊಳಗೆ ಸೀಟು ಒಪ್ಪಿಕೊಳ್ಳಬೇಕು. ನೀನು ಪಾಠ ಮಾಡುವ, ನಾನು ಓದಿದ, ಬೀದಿಯ ಕೊನೆಯ ಕಾಲೇಜೇ ಅವಳಿಗೆ ಸಾಕು. ನಿನಗೆ ಮಾತ್ರ ನಮ್ಮ ಪತ್ರಿಕೆಯ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆದ, ರೈಲಿನಲ್ಲಿ ಒಂದು ದಿನ ದೂರದ ಆ ದೊಡ್ಡ ಕಾಲೇಜೇ ಆಗಬೇಕು. ಬೇಡವೆಂದು ಅವಳು ಅತ್ತಾಗ, ‘ನಲವತ್ತು ಜನ ತಜ್ಞರು ಸುಮ್ನೆ ಹೇಳ್ತಾರೇನೇ?’ ಎಂದೆಯಂತೆ. ಆ ನಲವತ್ತರಲ್ಲಿ ಫಾರಂ ಕಳಿಸಲು ತಡಮಾಡುವವರ ಬೆನ್ನುಬಿದ್ದು ಅಂಕ ತರುವುದಕ್ಕೇ ಇಲ್ಲಿ ನನ್ನನ್ನು ಇಟ್ಟುಕೊಂಡಿದ್ದಾರೆ. ಅವರ ಸಂಗತಿ ನನ್ನಿಂದಲೇ ಕೇಳು.

ಒಬ್ಬರು ನಿವೃತ್ತ ಕುಲಪತಿಗಳು. ಕಚೇರಿಯಲ್ಲಿ ಅವರಿಗೆ ‘ಗೋಪುರ’ ಎಂದು ಹೆಸರು. ನೂರಿಪ್ಪತ್ತು ಕಾಲೇಜುಗಳ ಭವಿಷ್ಯವನ್ನು ಹನ್ನೊಂದು ನಿಮಿಷದಲ್ಲಿ ಬರೆಸಿದರು. ಅದರಲ್ಲಿ ನಾಲ್ಕು ನಿಮಿಷ ಕನ್ನಡಕ ಹುಡುಕಿದರು. ನಿನ್ನ ದೊಡ್ಡ ಕಾಲೇಜಿನ ಸರದಿ ಬಂದಾಗ, ಹೋದ ವರ್ಷ ತಾವೆಷ್ಟು ಕೊಟ್ಟಿದ್ದು ಎಂದು ನನ್ನನ್ನೇ ಕೇಳಿದರು. ಹತ್ತಕ್ಕೆ ಒಂಬತ್ತು ಎಂದೆ.

‘ಹಾಗಾದ್ರೆ ಒಂಬತ್ತೇ ಬರ್ಕೊ. ಕಡಿಮೆ ಮಾಡಿದ್ರೆ, ಹೋದ ವರ್ಷ ಇವ್ರಿಗೇನೂ ಗೊತ್ತಿರ್ಲಿಲ್ಲ ಅಂದ್ಕೋತಾರೆ.’

ಎಲ್ಲಿತ್ತೋ ಧೈರ್ಯ, ತಾವು ಅಲ್ಲಿಗೆ ಹೋಗಿದ್ದಿರಾ ಎಂದು ಕೇಳಿಯೇಬಿಟ್ಟೆ.

‘ಹೋಗೋದ್ಯಾಕಮ್ಮ? ಮೂರನೇ ಸ್ಥಾನದಲ್ಲಿದೆ ಅಂದ್ಮೇಲೆ ಚೆನ್ನಾಗೇ ಇರುತ್ತೆ.’

ತಲೆ ತಗ್ಗಿಸಿ ಬರೆದುಕೊಂಡೆ. ಅವರು ಪಟ್ಟಿ ನೋಡಿ ಅಂಕ ಕೊಡುತ್ತಾರೆ, ನಾವು ಅಂಕ ನೋಡಿ ಪಟ್ಟಿ ಮಾಡುತ್ತೇವೆ, ನೀನು ಚಿಕ್ಕವಳ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತೀಯ.

ಇನ್ನೊಬ್ಬ ಪಂಡಿತರು ಫಾರಂ ತುಂಬಲು ಅಳಿಯನಿಗೆ ಕೊಟ್ಟರು. ಎಲ್ಲೋ ಒಂದು ಕಾಲೇಜಿನಲ್ಲಿ ಭೂಗೋಳ ವಿಭಾಗ ಮುಚ್ಚಿ ಎರಡು ವರ್ಷವಾಗಿದೆ. ಅಳಿಯ ಮಹಾಶಯ ಅದರ ಬೋಧನೆಯನ್ನು ಮೆಚ್ಚಿ ಎಂಟು ಕೊಟ್ಟಿದ್ದಾನೆ. ಸಂಪಾದಕರಿಗೆ ತೋರಿಸಿದೆ. ಅವರು ಚಹಾದ ಲೋಟದಿಂದ ತಲೆ ಎತ್ತಲಿಲ್ಲ. ‘ತಜ್ಞರ ಗಮನಕ್ಕೆ ಬಾರದ್ದು ನಿನ್ನ ಗಮನಕ್ಕೆ ಯಾಕಮ್ಮ ಬರುತ್ತೆ?’ ಎಂದರು.

ಇಂಥವರ ಮಾತು ಕಟ್ಟಿಕೊಂಡು ಅವಳನ್ನು ಅಳಿಸಬೇಡ. ಶುಕ್ರವಾರಕ್ಕೆ ಮುಂಚೆ ಒಮ್ಮೆ ಅವಳನ್ನೇ ಕೂರಿಸಿಕೊಂಡು ಕೇಳು. ಅವಳ ಓದು ಎಲ್ಲಿದ್ದರೂ ಚೆನ್ನಾಗಿ ಆಗಲಿ. ಅವಳಿಗೊಂದು ಮುತ್ತು, ನಿನಗೆ ನಮಸ್ಕಾರ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ದೊಡ್ಡವಳು

ತಾ.ಕ.: ಬರೆಯಬೇಕೆಂದು ಕೂತದ್ದು ಇದನ್ನು. ಅಂಚೆಯಲ್ಲಿ ಬಂದ ಮೂವತ್ತೇಳನೆಯ ಫಾರಂ ಬಿಡಿಸಿದವಳು ನಾನೇ. ಹೆಸರು ನೋಡುವ ಮೊದಲೇ ಕೈಬರಹ ಗೊತ್ತಾಯಿತು. ನೀನೂ ಆ ನಲವತ್ತರಲ್ಲಿ ಒಬ್ಬಳೆಂದು ನೀನು ಹೇಳಲೇ ಇಲ್ಲ. ಗೇಟನ್ನೂ ನೋಡದ ದೊಡ್ಡ ಕಾಲೇಜಿಗೆ ಒಂಬತ್ತು ಕೊಟ್ಟಿದ್ದೀಯ. ಅದಕ್ಕೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸ್ವಂತ ಕಾಲೇಜಿಗೆ ಉಳಿದವರೆಲ್ಲ ಹತ್ತಕ್ಕೆ ಹತ್ತು ಬರೆದಿದ್ದಾರೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕಾಲೇಜಿಗೆ ನೀನು ಬರೆದದ್ದು ಮೂರು. ಇಡೀ ಕಂತೆಯಲ್ಲಿ ಕಣ್ಣಾರೆ ಕಂಡು ಕೊಟ್ಟ ಅಂಕ ಬಹುಶಃ ಅದೊಂದೇ. ಹಾಗಿದ್ದರೆ ಅಮ್ಮ, ನನ್ನನ್ನು ಯಾಕೆ ಅಲ್ಲಿಗೆ ಸೇರಿಸಿದೆ?